ಯಾರಿಗೂ ಹೊರೆಯಾಗದ ಹಾದಿ



ಮಾಘಮಾಸದ ಭಾರತ ಹುಣ್ಣಿಮೆ ಸಮೀಪಿಸಿತೆಂದರೆ ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಉಳವಿಯ ಮಾತು ಆರಂಭವಾಗುತ್ತದೆ. ಚನ್ನಬಸವಣ್ಣನವರ ಐಕ್ಯಸ್ಥಳಕ್ಕೆ ಚಕ್ಕಡಿ ಹೂಡಿಕೊಂಡು ಹೋಗುವವರು ವಾರಗಳ ಮೊದಲೇ ಸಿದ್ಧತೆಗೆ ತೊಡಗುತ್ತಾರೆ. ಎತ್ತುಗಳಿಗೆ ನಾಲು ಕಟ್ಟಿಸುವುದು, ಗಾಲಿಗೆ ಕೀಲೆಣ್ಣೆ ಹಾಕುವುದು, ಕಣಿಕೆ ಹೊಟ್ಟು ತುಂಬಿಕೊಳ್ಳುವುದು, ಮನೆಯ ಹೆಣ್ಣುಮಕ್ಕಳು ಬುಟ್ಟಿಗಟ್ಟಲೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಮಾದ್ಲಿ ಕಟ್ಟಿಕೊಡುವುದು, ಉಳಿದ ದನಕರುಗಳ ಮೇವು ನೀರಿನ ಹೊಣೆಯನ್ನು ನೆರೆಮನೆಯವರಿಗೆ ಒಪ್ಪಿಸುವುದು, ಇವೆಲ್ಲ ಆದ ಮೇಲೆಯೇ ನೊಗಕ್ಕೆ ಎತ್ತು ಹೂಡುವುದು ವಾಡಿಕೆ. ಇದರ ಹಿಂದೆ ನಮ್ಮ ಹಿರಿಯರು ಬಾಯಿಬಿಟ್ಟು ಹೇಳದೆಯೇ ಪಾಲಿಸಿಕೊಂಡು ಬಂದ ಒಂದು ನೇಮವಿದೆ. ಯಾತ್ರೆಗೆ ಹೊರಟವನು ಹಾದಿಯ ಊರಿಗೆ ಹೊರೆಯಾಗಬಾರದು, ಬಿಟ್ಟುಬಂದ ಮನೆಗೂ ಹೊರೆಯಾಗಬಾರದು.

ಇತ್ತೀಚಿನ ವರ್ಷಗಳಲ್ಲಿ ನಮ್ಮ ಮನೆಗಳ ತರುಣ ತರುಣಿಯರು ಮತ್ತೊಂದು ಬಗೆಯ ದೂರದ ಹಾದಿಯ ಮಾತನ್ನು ಆಡತೊಡಗಿದ್ದಾರೆ. ಹುಬ್ಬಳ್ಳಿ, ಬೆಳಗಾವಿಗಳಲ್ಲಿ ನರ್ಸಿಂಗ್, ವೈದ್ಯಕೀಯ, ಕೃಷಿ ವಿಜ್ಞಾನ, ಇಂಜಿನಿಯರಿಂಗ್ ಓದಿದ ಮಕ್ಕಳು, "ಪರದೇಶಕ್ಕೆ ನೌಕರಿಗಾಗಿ ಅಲ್ಲ, ಒಂದು ವರ್ಷ ಸ್ವಯಂಸೇವಕರಾಗಿ ಹೋಗಿ ಬರುತ್ತೇವೆ" ಎನ್ನುತ್ತಾರೆ. ತಂದೆತಾಯಿಗಳು ಗೊಂದಲಕ್ಕೆ ಬೀಳುತ್ತಾರೆ. ಸಂಬಳಕ್ಕೆಂದು ಹೋದರೆ ಅರ್ಥವಾಗುತ್ತದೆ, ಓದಲು ಹೋದರೂ ಅರ್ಥವಾಗುತ್ತದೆ. ಸೇವೆ ಮಾಡುವುದಕ್ಕೆ ನಮ್ಮ ಊರಿನಲ್ಲಿ ಕೆಲಸವಿಲ್ಲವೇ, ಅಷ್ಟು ದೂರ ಏಕೆ ಹೋಗಬೇಕು ಎಂಬ ಪ್ರಶ್ನೆ ಸಹಜವಾದದ್ದು. ಆ ಪ್ರಶ್ನೆಯನ್ನು ಮೂದಲಿಕೆಯೆಂದು ಮಕ್ಕಳು ತಿಳಿಯಬಾರದು. ಮಕ್ಕಳ ಹಂಬಲವನ್ನು ಹುಚ್ಚುತನವೆಂದು ಹಿರಿಯರೂ ತಳ್ಳಿಹಾಕಬಾರದು. ಇಬ್ಬರೂ ಕುಳಿತು ಯೋಚಿಸಲು ನೆರವಾಗಲೆಂದು ಈ ತಿಂಗಳ ಅಂಕಣವನ್ನು ಈ ವಿಷಯಕ್ಕೇ ಮೀಸಲಿಟ್ಟಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಪರದೇಶದ ಒಂದು ವರ್ಷದ ಸೇವೆ ನಿಜವಾದ ದಾಸೋಹವಾಗಬೇಕಾದರೆ ಅದು ಮೂರು ಹೆಗಲುಗಳ ಮೇಲೆ ಭಾರವಾಗಿ ಕೂರಬಾರದು. ಹೋದ ಊರಿನ ಜನರ ಹೆಗಲು, ಬಿಟ್ಟುಹೋದ ಮನೆಯವರ ಹೆಗಲು, ಮತ್ತು ಹೋದವರ ಸ್ವಂತ ಹೆಗಲು. ಸಿದ್ಧತೆ ಎಂದರೆ ಪೆಟ್ಟಿಗೆ ಕಟ್ಟುವುದಲ್ಲ, ಈ ಮೂರು ಹೊರೆಗಳನ್ನು ಮುಂಚಿತವಾಗಿ ಇಳಿಸಿಕೊಳ್ಳುವುದು.

ಪರನಾಡಿಗೆ ಹೋಗಿ ಕಾಯಕ ಮಾಡುವುದು ನಮ್ಮ ಪರಂಪರೆಗೆ ಹೊಸದೇನೂ ಅಲ್ಲ. ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸರಾಗಿದ್ದು, ಪತ್ನಿ ಮಹಾದೇವಮ್ಮನವರೊಡನೆ ಕಲ್ಯಾಣಕ್ಕೆ ಬಂದರೆಂದು ಶರಣ ಚರಿತೆಗಳು ಹೇಳುತ್ತವೆ. ಬಂದವರು ಅರಮನೆಯ ಅನುಭವದಿಂದ ಕಲ್ಯಾಣಕ್ಕೆ ಬುದ್ಧಿ ಹೇಳಲು ತೊಡಗಲಿಲ್ಲ. ಕಾಡಿನಿಂದ ಕಟ್ಟಿಗೆ ಹೊತ್ತು ತಂದು ಮಾರುವ ಕಾಯಕ ಹಿಡಿದರು, ಅದರಿಂದ ಬಂದುದರಲ್ಲಿ ದಾಸೋಹ ನಡೆಸಿದರು. ದಂಪತಿಗಳಿಬ್ಬರ ವಚನಗಳೂ ನಮಗೆ ದೊರೆತಿರುವುದು ಕನ್ನಡದಲ್ಲಿ. ಚರಿತೆಯ ಮಾತನ್ನು ನಂಬಿದರೆ, ಅವರು ಬಂದ ನಾಡಿನ ನುಡಿಯನ್ನು ತಮ್ಮ ಅನುಭಾವದ ನುಡಿಯಾಗುವಷ್ಟು ಕಲಿತರೆಂದಾಯಿತು. ಪರದೇಶಕ್ಕೆ ಸೇವೆಗೆಂದು ಹೊರಡುವವರಿಗೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ. ಅಲ್ಲಿ ಇರುವ ಕೆಲಸವನ್ನು ಹಿಡಿಯಬೇಕು, ಅಲ್ಲಿನ ಮಾತನ್ನು ಕಲಿಯಬೇಕು, ತಾನು ಯಾರೆಂಬುದನ್ನು ಮನೆಯಲ್ಲೇ ಬಿಟ್ಟು ಹೋಗಬೇಕು.

ಹತ್ತಿರದ ಕಾಲದ ನಿದರ್ಶನವೊಂದು ನಮ್ಮ ಗಡಿಯಾಚೆಯ ಸೊಲ್ಲಾಪುರದಲ್ಲಿದೆ. ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದ ಆ ಸೊನ್ನಲಿಗೆಯಲ್ಲಿಯೇ 1910ರಲ್ಲಿ ಡಾ. ದ್ವಾರಕಾನಾಥ ಕೋಟ್ನಿಸ್ ಜನಿಸಿದರು. ಅವರು ನಮ್ಮ ಮತದವರಲ್ಲ, ಆದರೆ ಅವರು ಮಾಡಿದ್ದು ಅಪ್ಪಟ ಕಾಯಕ. ಜಪಾನಿನ ಆಕ್ರಮಣಕ್ಕೆ ತುತ್ತಾಗಿದ್ದ ಚೀನದ ಸೇನಾನಿ ಝೂ ಡೇ ಅವರು ವೈದ್ಯರನ್ನು ಕಳಿಸಿರೆಂದು ಜವಾಹರಲಾಲ ನೆಹರೂ ಅವರಿಗೆ ಬರೆದು ಕೇಳಿಕೊಂಡಿದ್ದರು. ಸುಭಾಷಚಂದ್ರ ಬೋಸರು ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ 1938ರಲ್ಲಿ ಐವರು ವೈದ್ಯರ ತಂಡವೊಂದು ಮುಂಬಯಿಯಿಂದ ಹಡಗು ಹತ್ತಿತು. ಅದರಲ್ಲಿ ಕೋಟ್ನಿಸರು 28 ತುಂಬದ ಯುವಕ. ತಂಡದ ಉಳಿದವರು ತಮ್ಮ ಅವಧಿ ಮುಗಿಸಿ ತಾಯ್ನಾಡಿಗೆ ಮರಳಿದರು, ಕೋಟ್ನಿಸರು ಅಲ್ಲಿಯೇ ಉಳಿದರು. ಚೀನೀ ಭಾಷೆ ಕಲಿತರು, ಅದರಲ್ಲಿಯೇ ವೈದ್ಯ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು, 1941ರಲ್ಲಿ ಬೆಥೂನ್ ಅಂತಾರಾಷ್ಟ್ರೀಯ ಶಾಂತಿ ಆಸ್ಪತ್ರೆಯ ಮುಖ್ಯಸ್ಥರಾದರು. ತಂದೆ ತೀರಿಕೊಂಡ ವಾರ್ತೆ ಅವರಿಗೆ ಅಲ್ಲಿಯೇ ತಲುಪಿತು. 1942ರ ಡಿಸೆಂಬರ್ 9ರಂದು, 32ನೆಯ ವಯಸ್ಸಿನಲ್ಲಿ, ಅವರೂ ಅಲ್ಲಿಯೇ ಕೊನೆಯುಸಿರೆಳೆದರು. ಸೊಲ್ಲಾಪುರದ ಮನೆಗೆ ಮಗ ಮರಳಿ ಬರಲಿಲ್ಲ.

ಈ ಕಥೆಯನ್ನು ಕೇವಲ ಕೀರ್ತಿಯ ಕಥೆಯೆಂದು ಹೇಳಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಒಂದು ಕಡೆ, ಆ ಸೇವೆಯನ್ನು ಕೇಳಿದವರು ಚೀನದವರೇ. ಬೇಕಾಗಿದ್ದುದು ಶಸ್ತ್ರವೈದ್ಯರು, ಹೋದವರೂ ವೈದ್ಯರೇ. ಇನ್ನೊಂದು ಕಡೆ, ಅದರ ಬೆಲೆಯಲ್ಲಿ ಒಂದು ಪಾಲನ್ನು ಊರಿನಲ್ಲಿದ್ದ ಮನೆಯವರು ತೆತ್ತರು. ಎಲ್ಲರೂ ಕೋಟ್ನಿಸರಾಗಬೇಕಿಲ್ಲ. ಆದರೆ ಹೊರಡುವ ಮುನ್ನ ಈ ಎರಡೂ ಸಂಗತಿಗಳನ್ನು ಎಲ್ಲರೂ ತೂಗಿ ನೋಡಬೇಕು.

ಮೊದಲನೆಯದು, ಹೋಗುವ ಊರಿನ ಹೆಗಲು. ಅಲ್ಲಿ ನಮ್ಮನ್ನು ಯಾರಾದರೂ ಕರೆದಿದ್ದಾರೆಯೇ? ಯಾವ ಕೆಲಸಕ್ಕಾಗಿ? ಆ ಕೆಲಸ ನಮಗೆ ಬರುತ್ತದೆಯೇ? ಈ ಮೂರು ಪ್ರಶ್ನೆಗಳಿಗೆ ಸ್ಪಷ್ಟ ಉತ್ತರವಿಲ್ಲದೆ ಹೊರಡುವುದು ಸೇವೆಯಲ್ಲ, ಪ್ರವಾಸ. ವಿಶ್ವಸಂಸ್ಥೆಯ ಸ್ವಯಂಸೇವಕ ಕಾರ್ಯಕ್ರಮವು 1970ರಲ್ಲಿ ಮಹಾಸಭೆಯ ನಿರ್ಣಯದಿಂದ ಹುಟ್ಟಿದ್ದು, ಅದರ ಕೇಂದ್ರ ಕಚೇರಿ ಜರ್ಮನಿಯ ಬಾನ್ ನಗರದಲ್ಲಿದೆ. ಅಲ್ಲಿ ಮೊದಲು ಕೆಲಸ ಗೊತ್ತಾಗುತ್ತದೆ, ಆಮೇಲೆ ಅದಕ್ಕೆ ತಕ್ಕ ಜನರನ್ನು ಆರಿಸುತ್ತಾರೆ. 18ರಿಂದ 26 ವರ್ಷದವರಿಗೆ ಯುವ ವಿಭಾಗವಿದೆ. 27 ದಾಟಿ ಕೆಲವು ವರ್ಷ ಕೆಲಸ ಮಾಡಿದವರಿಗೂ, 35 ದಾಟಿದ ದೀರ್ಘ ಅನುಭವಿಗಳಿಗೂ ಬೇರೆ ವಿಭಾಗಗಳಿವೆ. ಸಂಬಳವಿಲ್ಲ, ಆದರೆ ತಿಂಗಳ ಜೀವನ ಭತ್ಯೆ, ಪ್ರಯಾಣದ ವೆಚ್ಚ, ಆರೋಗ್ಯ ವಿಮೆ ದೊರೆಯುತ್ತವೆ. ವೈದ್ಯರು, ನರ್ಸುಗಳಿಗೆ 1971ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿ 1999ರಲ್ಲಿ ನೊಬೆಲ್ ಶಾಂತಿ ಪುರಸ್ಕಾರ ಪಡೆದ 'ಗಡಿಗಳಿಲ್ಲದ ವೈದ್ಯರು' ಸಂಸ್ಥೆಯ ದಾರಿಯೂ ಇದೆ. ಅಲ್ಲಿಯೂ ಓದು ಮುಗಿದ ಕೂಡಲೇ ಬಂದವರಿಗಿಂತ ಕೆಲಸದಲ್ಲಿ ಪಳಗಿದವರಿಗೇ ಆದ್ಯತೆ.

ಇಂತಹ ಸಂಸ್ಥೆಗಳು ಅರ್ಜಿಗಾಗಲಿ ಆಯ್ಕೆಗಾಗಲಿ ಹಣ ಕೇಳುವುದಿಲ್ಲ ಎಂಬುದನ್ನು ನೆನಪಿಡಬೇಕು. ವಿಶ್ವಸಂಸ್ಥೆಯ ಹೆಸರು ಹೇಳಿ ಯಾರಾದರೂ ನೋಂದಣಿ ಶುಲ್ಕ ಕೇಳಿದರೆ ಅದು ಮೋಸವೇ ಸರಿ. ದೊಡ್ಡ ಮೊತ್ತ ಪಡೆದು ಕೆಲವು ವಾರ, ತಿಂಗಳುಗಳ ಮಟ್ಟಿಗೆ ಪರದೇಶದ ಅನಾಥಾಶ್ರಮಗಳಲ್ಲಿ 'ಸೇವೆ' ಮಾಡಿಸುವ ವ್ಯಾಪಾರಿಗಳೂ ಜಗತ್ತಿನಲ್ಲಿದ್ದಾರೆ. ತಿಂಗಳಿಗೊಬ್ಬರು ಬಂದು ಮುದ್ದಿಸಿ ಹೋದರೆ ಆ ಮಕ್ಕಳಿಗೆ ಹಿತಕ್ಕಿಂತ ನೋವೇ ಹೆಚ್ಚು. ಒಬ್ಬರನ್ನು ಹಚ್ಚಿಕೊಳ್ಳುವಷ್ಟರಲ್ಲಿ ಅವರು ಹೊರಟಿರುತ್ತಾರೆ. ಇನ್ನೂ ಘೋರವಾದದ್ದು ಸುಳ್ಳು ಕೆಲಸದ ಜಾಲ. ಕಾಂಬೋಡಿಯಾ, ಮ್ಯಾನ್ಮಾರ್, ಲಾವೋಸ್ ದೇಶಗಳಿಗೆ ಕರೆಸಿಕೊಂಡು ಯುವಕರನ್ನು ಕೂಡಿಹಾಕಿ ಆನ್‌ಲೈನ್ ವಂಚನೆಯ ಕೆಲಸಕ್ಕೆ ಹಚ್ಚುವವರ ಬಗ್ಗೆ ಭಾರತ ಸರಕಾರವು 2022ರಿಂದ ಈಚೆಗೆ ಮತ್ತೆ ಮತ್ತೆ ಎಚ್ಚರಿಕೆ ನೀಡಿದೆ. ಪ್ರವಾಸಿ ವೀಸಾದ ಮೇಲೆ ಬನ್ನಿ, ಉಳಿದದ್ದನ್ನು ಅಲ್ಲಿ ನೋಡಿಕೊಳ್ಳೋಣ ಎಂಬ ಮಾತು ಬಂದಲ್ಲಿ ಆ ಬಾಗಿಲನ್ನು ಅಂದೇ ಮುಚ್ಚಬೇಕು. ಸಂಬಳವಿಲ್ಲದ ಕೆಲಸವನ್ನೂ ಅನೇಕ ದೇಶಗಳ ಕಾನೂನು ಕೆಲಸವೆಂದೇ ಎಣಿಸುತ್ತದೆ, ಅದಕ್ಕೆ ತಕ್ಕ ವೀಸಾ ಬೇಕಾಗುತ್ತದೆ.

ಸೇವೆಯ ಅಭ್ಯಾಸ ಆಗಬೇಕಾದದ್ದು ಇಲ್ಲಿಯೇ. 2019ರ ಆಗಸ್ಟ್ ತಿಂಗಳಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ಪಟ್ಟಣಕ್ಕೂ ನದಿದಂಡೆಯ ಹಳ್ಳಿಗಳಿಗೂ ನೀರು ನುಗ್ಗಿದ್ದನ್ನು ಯಾರೂ ಮರೆತಿಲ್ಲ. ಅಂತಹ ವೇಳೆಯಲ್ಲಿ ಬೇಕಾದ ಕೈ ಯಾವುದು, ಬೇಡವಾದ ಕೈ ಯಾವುದು ಎಂಬುದು ಒಂದೇ ದಿನದಲ್ಲಿ ತಿಳಿಯುತ್ತದೆ. ಉಡಲು ಬಾರದ ಹಳೆಯ ಬಟ್ಟೆಗಳ ರಾಶಿ ಯಾರಿಗೂ ಬೇಕಾಗುವುದಿಲ್ಲ. ಮನೆಯೊಳಗಿನ ಕೆಸರು ಬಳಿದು ಹೊರಹಾಕುವವರು, ಕುಡಿಯುವ ನೀರು ಹೊತ್ತು ತರುವವರು, ಹಾನಿಯ ಅರ್ಜಿ ಬರೆದುಕೊಡುವವರು ಬೇಕಾಗುತ್ತಾರೆ. ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ಅಲ್ಲಿ ನಾಲ್ಕು ದಿನ ಕುಡಿಯುವ ನೀರು, ಸ್ವಚ್ಛತೆಯ ಕೆಲಸ ಮಾಡಿ ನೋಡಲಿ. ಊರಿನ ಸರಕಾರಿ ಆಸ್ಪತ್ರೆಯಲ್ಲಿ, ಮಠದ ದಾಸೋಹದಲ್ಲಿ ಆರು ತಿಂಗಳು ಯಾರ ಗಮನಕ್ಕೂ ಬಾರದಂತೆ ದುಡಿದು ನೋಡಲಿ. ಬೇಸರ ಬಾರದಿದ್ದರೆ ಪರದೇಶದಲ್ಲಿಯೂ ಬಾರದು. ಇಲ್ಲಿ ಮಾಡಲಾರದ ಸೇವೆ ಅಲ್ಲಿ ಮಾಡಬಲ್ಲೆನೆಂಬುದು ಭ್ರಮೆ. ಜೊತೆಗೆ, ಹೋಗುವ ನಾಡಿನ ಭಾಷೆಯನ್ನು ಕನಿಷ್ಠ ಆರು ತಿಂಗಳು ಮೊದಲೇ ಕಲಿಯಲು ತೊಡಗಬೇಕು. ಅಮೆರಿಕದ ಶಾಂತಿದಳದ ತರುಣರು 1961ರಿಂದ 1976ರವರೆಗೆ ಭಾರತದಲ್ಲಿ ಕೆಲಸ ಮಾಡಿದರು, ಅಂದಿನ ಮೈಸೂರು ರಾಜ್ಯದ ಹಳ್ಳಿಗಳಿಗೂ ಬಂದಿದ್ದರು. ಊರಿನ ಭಾಷೆಯಲ್ಲಿ ನಾಲ್ಕು ಮಾತು ಆಡಬಲ್ಲ ಪರದೇಶಿಯನ್ನು ಹಳ್ಳಿಯ ಜನ ಹೇಗೆ ಮನೆಯೊಳಕ್ಕೆ ಕರೆಯುತ್ತಾರೆಂಬುದು ನಮಗೆ ಗೊತ್ತು. ಅದೇ ಮಾತು ನಮ್ಮ ಮಕ್ಕಳಿಗೂ ಅನ್ವಯಿಸುತ್ತದೆ.

ಎರಡನೆಯದು, ಮನೆಯ ಹೆಗಲು. ಇಲ್ಲಿಯೇ ಹೆಚ್ಚಿನವರು ಎಡವುವುದು. ಮಗನ ಸಂಬಳದಿಂದ ಬ್ಯಾಂಕಿನ ಕಂತು ತುಂಬುತ್ತಿರುವ ಮನೆಯಲ್ಲಿ, ಆ ಸಂಬಳ ಒಂದು ವರ್ಷ ನಿಂತರೆ ಕಂತು ತುಂಬುವವರು ಯಾರು? ಜೀವನ ಭತ್ಯೆಯಲ್ಲಿ ಮನೆಗೆ ಹಣ ಕಳಿಸುವ ಲೆಕ್ಕವನ್ನು ಹಾಕಲೇಬಾರದು, ಅದು ಅಲ್ಲಿಯ ಊಟ ವಸತಿಗೆ ಕೊಡುವ ಹಣ. ಹೊರಡುವ ಮುನ್ನವೇ ವರ್ಷದ ಕಂತಿನ ಹಣ ಕೂಡಿಟ್ಟಿರಬೇಕು, ಜೊತೆಗೆ ಅಕಸ್ಮಾತ್ತಾಗಿ ಮರಳಿ ಬರಬೇಕಾದರೆ ಟಿಕೆಟಿನ ಹಣವನ್ನೂ ಬೇರೆಯಾಗಿ ತೆಗೆದಿಟ್ಟಿರಬೇಕು. ಹೊಲ ತನ್ನ ಹೆಸರಿನಲ್ಲಿದ್ದರೆ ಪೀಕಿನ ಸಾಲ, ಬೆಳೆವಿಮೆ, ಉತಾರದ ಕೆಲಸಗಳಿಗೆ ನಂಬಿಕೆಯ ಒಬ್ಬರಿಗೆ ವಟಮುಖತ್ಯಾರ ಪತ್ರ ಬರೆದುಕೊಡಬೇಕು. ಅದರಲ್ಲಿ ಯಾವ ಕೆಲಸಕ್ಕೆ ಅಧಿಕಾರ, ಯಾವುದಕ್ಕೆ ಇಲ್ಲ ಎಂಬುದನ್ನು ವಕೀಲರಿಂದ ಬಿಡಿಸಿ ಬರೆಸಬೇಕು. ಜಮೀನು ಮಾರುವ ಅಧಿಕಾರವನ್ನು ಸುಮ್ಮನೆ ಸೇರಿಸಿ ಮುಂದೆ ಅಣ್ಣತಮ್ಮಂದಿರಲ್ಲಿ ವ್ಯಾಜ್ಯ ತಂದುಕೊಳ್ಳಬಾರದು. ಸರಕಾರಿ ನೌಕರರು ಇಲಾಖೆಯ ಅನುಮತಿಯನ್ನು ಲಿಖಿತವಾಗಿ ಪಡೆಯದೆ ಟಿಕೆಟು ಕೊಳ್ಳಬಾರದು.

ಹಣಕ್ಕಿಂತ ದೊಡ್ಡ ಮಾತು ಹಿರಿಯರದು. ವಯಸ್ಸಾದ ಅಪ್ಪ ಅವ್ವ ಇಬ್ಬರೇ ಇರುವ ಮನೆಯಲ್ಲಿ ರಾತ್ರಿ ಹೊತ್ತು ಎದೆನೋವು ಬಂದರೆ ಆಸ್ಪತ್ರೆಗೆ ಒಯ್ಯುವವರು ಯಾರೆಂಬುದು ಹೆಸರು ಹಿಡಿದು ನಿಶ್ಚಯವಾಗಬೇಕು. "ಯಾರಾದರೂ ನೋಡಿಕೊಳ್ಳುತ್ತಾರೆ" ಎಂಬುದು ಉತ್ತರವಲ್ಲ. ಸಾಮಾನ್ಯವಾಗಿ ಆ ಯಾರಾದರೂ ಎಂದರೆ ಮನೆಯ ಸೊಸೆ ಅಥವಾ ಅದೇ ಊರಿನಲ್ಲಿರುವ ಅಕ್ಕ. ಅವರ ಒಪ್ಪಿಗೆಯನ್ನು ಕೇಳದೆಯೇ ಅವರ ಹೆಗಲಿಗೆ ಹಾಕಿ ಹೋದ ಸೇವೆಯ ಪುಣ್ಯದಲ್ಲಿ ಅರ್ಧ ಅವರದೇ. ಅದನ್ನಾದರೂ ನಾಲ್ಕು ಜನರ ಮುಂದೆ ಹೇಳಿ ಹೋಗುವ ಸೌಜನ್ಯ ಬೇಕು.

ಇನ್ನೊಂದು ಮಾತನ್ನು ಯಾರೂ ಎತ್ತುವುದಿಲ್ಲ, ಆದ್ದರಿಂದ ನಾನೇ ಎತ್ತುತ್ತೇನೆ. ನಮ್ಮಲ್ಲಿ ಲಿಂಗೈಕ್ಯರಾದವರ ಸಮಾಧಿ ಕ್ರಿಯೆ ಬಹುತೇಕ ಅದೇ ದಿನ ಅಥವಾ ಮರುದಿನ ಮುಗಿಯುತ್ತದೆ. ದೂರದ ಆಫ್ರಿಕದ ಒಂದು ಹಳ್ಳಿಯಿಂದ ಬೈಲಹೊಂಗಲಕ್ಕೆ ಬರಲು ಎರಡು ಮೂರು ದಿನಗಳೇ ಬೇಕಾಗಬಹುದು. ಅಂದರೆ ಆ ಗಳಿಗೆ ಬಂದರೆ ಮಗನಾಗಲಿ ಮಗಳಾಗಲಿ ಅಂತ್ಯದರ್ಶನಕ್ಕೆ ಇರಲಾರರು. ಇದನ್ನು ಅಪಶಕುನವೆಂದು ಬಿಟ್ಟುಬಿಡದೆ ಹೊರಡುವ ಮೊದಲೇ ತಂದೆತಾಯಿಗಳೊಡನೆ ಮಾತನಾಡಬೇಕು. ಸೂತಕಗಳನ್ನು ಅಲ್ಲಗಳೆದ ಧರ್ಮ ನಮ್ಮದು, ಸಾವಿನ ಮಾತಿಗೆ ಅಂಜಬೇಕಾದವರು ನಾವಲ್ಲ. "ನನಗೇನಾದರೂ ಆದರೆ ಕಾಯಬೇಡಿರಿ, ಮಗ ಕೆಲಸ ಮುಗಿಸಿಯೇ ಬರಲಿ" ಎಂದು ಹೇಳುವ ತಾಯಿಯೂ ಇರಬಹುದು. "ನಾನು ಇರುವತನಕ ಕಣ್ಣಳತೆಯಲ್ಲಿರು" ಎನ್ನುವ ತಂದೆಯೂ ಇರಬಹುದು. ಎರಡೂ ಗೌರವಕ್ಕೆ ಪಾತ್ರವಾದ ಮಾತುಗಳೇ. ಎರಡನೆಯ ಮಾತು ಬಂದಾಗ ಈ ವರ್ಷ ನಿಲ್ಲುವುದೇ ದಾಸೋಹ.

ಹೆಣ್ಣುಮಕ್ಕಳ ವಿಷಯದಲ್ಲಿ ಹಿರಿಯರ ಚಿಂತೆ ಬೇರೆ. ಒಬ್ಬಳೇ ಹೇಗೆ ಹೋದಾಳು, ಬಂದ ಮೇಲೆ ಸಂಬಂಧ ಕೂಡಿಬರುವುದೇ ಎಂಬ ಮಾತು ಅಡುಗೆಮನೆಯಲ್ಲಿ ನಡೆದೇ ನಡೆಯುತ್ತದೆ. ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲಕ್ಕೆ ನಡೆದ ಅಕ್ಕನನ್ನು ಪೂಜಿಸುವವರು ನಾವು. ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿಯೇ 1969ರಲ್ಲಿ ಹೆಣ್ಣುಮಕ್ಕಳಿಗಾಗಿ ವಸತಿ ಸೈನಿಕ ಶಾಲೆ ಆರಂಭವಾಯಿತು. ಹತ್ತು ಹನ್ನೊಂದರ ಹರೆಯದ ಮಕ್ಕಳನ್ನು ದೂರದ ಜಿಲ್ಲೆಗಳ ತಂದೆತಾಯಿಗಳು ಅಲ್ಲಿಗೆ ಕಳಿಸಿದರು, ಕುದುರೆ ಏರುವುದನ್ನೂ ಕಲಿಸಿದರು. ಹಾಗಿರುವಾಗ ಓದಿ ಉದ್ಯೋಗದಲ್ಲಿರುವ ಮಗಳ ಬಗ್ಗೆ ಅಂಜುವುದಕ್ಕಿಂತ, ಅವಳು ಇರುವ ಮನೆ ಯಾವುದು, ಜೊತೆಗೆ ಯಾರಿರುತ್ತಾರೆ, ತೊಂದರೆಯಾದರೆ ಆ ದೇಶದ ಭಾರತೀಯ ರಾಯಭಾರ ಕಚೇರಿಯ ದೂರವಾಣಿ ಯಾವುದು ಎಂದು ಕೇಳಿ ಬರೆದಿಟ್ಟುಕೊಳ್ಳುವುದು ಉಪಯುಕ್ತ. ವರ್ಷದ ಸೇವೆಯನ್ನು ಕಳಂಕವೆಂದು ಎಣಿಸುವ ಮನೆಗೆ ಮಗಳನ್ನು ಕೊಡದಿರುವುದೇ ಲೇಸು.

ಮೂರನೆಯದು, ಹೊರಟವರ ಸ್ವಂತ ಹೆಗಲು. ಪಾಸ್‌ಪೋರ್ಟಿಗೆ ಈಗ ಬೆಂಗಳೂರಿಗೆ ಅಲೆಯಬೇಕಿಲ್ಲ, ಹುಬ್ಬಳ್ಳಿಯಲ್ಲಿ ಸೇವಾ ಕೇಂದ್ರವಿದೆ, ಬೆಳಗಾವಿಯಲ್ಲಿ ಅಂಚೆ ಕಚೇರಿಯ ಕೇಂದ್ರವಿದೆ. ಹುಟ್ಟಿದ ದಿನಾಂಕ, ಅಡ್ಡಹೆಸರುಗಳು ಶಾಲೆಯ ದಾಖಲೆಯಲ್ಲೊಂದು, ಆಧಾರದಲ್ಲೊಂದು ಇರುವುದು ನಮ್ಮ ಭಾಗದ ದೊಡ್ಡ ತೊಡಕು. ಅದನ್ನು ಮೊದಲು ಸರಿಪಡಿಸಿಕೊಳ್ಳಬೇಕು. ಆಫ್ರಿಕ, ದಕ್ಷಿಣ ಅಮೆರಿಕಗಳ ಅನೇಕ ದೇಶಗಳಿಗೆ ಹಳದಿ ಜ್ವರದ ಚುಚ್ಚುಮದ್ದು ಬೇಕು. ಅದನ್ನು ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಸರಕಾರ ಮಾನ್ಯ ಮಾಡಿದ ಕೇಂದ್ರದಲ್ಲಿಯೇ ಹಾಕಿಸಿಕೊಳ್ಳಬೇಕು. 2016ರಿಂದ ಆ ಪ್ರಮಾಣಪತ್ರ ಜೀವನಪರ್ಯಂತ ಸಲ್ಲುತ್ತದೆ. ಅದಿಲ್ಲದೆ ಅಂತಹ ದೇಶದಿಂದ ಮರಳಿದರೆ ನಮ್ಮ ವಿಮಾನ ನಿಲ್ದಾಣದಲ್ಲಿಯೇ 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಮಲೇರಿಯಾದ ಗುಳಿಗೆ, ಹಲ್ಲಿನ ತಪಾಸಣೆ, ನಿತ್ಯದ ಔಷಧಗಳಿಗೆ ವೈದ್ಯರ ಚೀಟಿ, ಇವುಗಳನ್ನೂ ಮರೆಯಬಾರದು.

ಇಷ್ಟಲಿಂಗದ ಬಗ್ಗೆ ಅನೇಕ ತಾಯಂದಿರು ಕಳವಳಪಡುತ್ತಾರೆ. ಅಂಗದ ಮೇಲಿನ ಲಿಂಗ ಯಾವ ನಾಡಿಗೂ ಪರಕೀಯವಲ್ಲ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಬೆಳ್ಳಿಯ ಕರಡಿಗೆಗೆ ಯಂತ್ರ ಸದ್ದು ಮಾಡಬಹುದು. ಅಧಿಕಾರಿಗೆ ಮೊದಲೇ ವಿನಯದಿಂದ ತಿಳಿಸಿದರೆ ಗೊಂದಲ ತಪ್ಪುತ್ತದೆ. ವಿಭೂತಿಯನ್ನು ಪುಡಿಯಾಗಿ ಒಯ್ಯದೆ ಗಟ್ಟಿಯಾಗಿಯೇ ಒಯ್ಯುವುದು ಲೇಸು, ಬಿಳಿಯ ಪುಡಿ ಕಂಡರೆ ಸಂಶಯ ಹುಟ್ಟುತ್ತದೆ. ಪೂಜೆಗೆ ಬೇಕಾದದ್ದು ಹತ್ತು ನಿಮಿಷದ ಏಕಾಂತ, ಒಂದಿಷ್ಟು ನೀರು. ಹೂಪತ್ರಿ ಸಿಗದ ನಾಡಿನಲ್ಲಿ ಭಾವವೇ ಪತ್ರಿ. ಶಾಕಾಹಾರಿಗಳು ಸ್ವತಃ ಅಡುಗೆ ಕಲಿತೇ ಹೊರಡಬೇಕು. ಗಂಡುಮಕ್ಕಳಿಗೆ ಈ ಮಾತನ್ನು ಒತ್ತಿ ಹೇಳುತ್ತೇನೆ. ರೊಟ್ಟಿ, ಹಿಂಡಿ ಒಯ್ಯುವ ಮೊದಲು ಆ ದೇಶದ ನಿಯಮ ಕೇಳಿಕೊಳ್ಳಬೇಕು, ಆಸ್ಟ್ರೇಲಿಯದಂತಹ ದೇಶಗಳಲ್ಲಿ ಆಹಾರ ಪದಾರ್ಥವನ್ನು ತಿಳಿಸದೆ ಒಯ್ದರೆ ದಂಡ ತೆರಬೇಕಾಗುತ್ತದೆ. ಊಟದ ಮನೆಯಲ್ಲಿ ಅವರ ತಟ್ಟೆಯನ್ನು ಕಂಡು ಮೂಗು ಮುರಿಯದಿರುವುದೂ ಸಿದ್ಧತೆಯ ಒಂದು ಭಾಗವೇ.

ಹೋಗುವುದಕ್ಕಿಂತ ಮರಳಿ ಬರುವುದಕ್ಕೆ ಹೆಚ್ಚು ಸಿದ್ಧತೆ ಬೇಕು. ವರ್ಷದ ಕೊನೆಗೆ ಅಲ್ಲಿಯೇ ಸಂಬಳದ ಕೆಲಸ ಹುಡುಕಿಕೊಂಡು ಉಳಿಯುವ ಉದ್ದೇಶವಿದ್ದರೆ ಅದನ್ನು ಮೊದಲೇ ಮನೆಯಲ್ಲಿ ಹೇಳಬೇಕು. ಸೇವೆಯ ಹೆಸರಿನಲ್ಲಿ ನೌಕರಿಯ ದಾರಿ ಹುಡುಕುವುದು ತಪ್ಪಲ್ಲದಿರಬಹುದು, ಆದರೆ ಅದನ್ನು ಮುಚ್ಚಿಡುವುದು ತಪ್ಪು. ಮರಳಿ ಬಂದವರು ಕಲಿತದ್ದನ್ನು ಇಲ್ಲಿ ಬಿತ್ತಬೇಕು. ಸವದತ್ತಿ ತಾಲ್ಲೂಕಿನ ಶಿರಸಂಗಿಯ ಲಿಂಗರಾಜರು 1904ರಲ್ಲಿ ಧಾರವಾಡದಲ್ಲಿ ಸೇರಿದ ವೀರಶೈವ ಮಹಾಸಭೆಯ ಮೊದಲ ಅಧಿವೇಶನದ ಅಧ್ಯಕ್ಷರಾಗಿದ್ದರು. 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆ ಬಿಟ್ಟುಕೊಟ್ಟರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ತರುಣ ಶಿಕ್ಷಕರು ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದರು. ಅವರು ಕೊಟ್ಟದ್ದು ಒಂದು ವರ್ಷವನ್ನಲ್ಲ, ಬಾಳನ್ನೇ. ಇಂದು ಪರದೇಶದಲ್ಲಿ ಸೇವೆಗೆ ಯೋಗ್ಯರಾಗುವಷ್ಟು ಓದಿರುವ ನಮ್ಮ ಮಕ್ಕಳ ಬೆನ್ನ ಹಿಂದೆ ಇಂತಹವರ ಋಣವಿದೆ. ಆ ಋಣವನ್ನು ಇಲ್ಲಿಯೇ ತೀರಿಸಬೇಕೆಂದೇನೂ ಇಲ್ಲ. ಕಾಯಕಕ್ಕೆ ಗಡಿಯಿಲ್ಲ. ಆದರೆ ಎಲ್ಲಿ ತೀರಿಸಿದರೂ ಅದು ಋಣವೆಂಬ ನೆನಪಿರಲಿ, ಉಪಕಾರವೆಂಬ ಬಿಂಕ ಬೇಡ.

ಆದ್ದರಿಂದ ಮಕ್ಕಳು ಈ ಮಾತೆತ್ತಿದ ದಿನ ಹಿರಿಯರು ಕೂಡಲೇ ಹೂಂ ಎನ್ನಬೇಕಿಲ್ಲ, ಊಹೂಂ ಎನ್ನಲೂ ಬೇಕಿಲ್ಲ. ಒಂದು ಕಾಗದದ ಮೇಲೆ ಬರೆದು ತಾ ಎನ್ನಿರಿ. ಅಲ್ಲಿ ಯಾರು ಕರೆದಿದ್ದಾರೆ, ಏನು ಕೆಲಸ, ಆ ಕೆಲಸ ನಿನಗೆ ಬರುತ್ತದೆಯೇ. ಮನೆಯ ಕಂತು ಯಾರು ತುಂಬುತ್ತಾರೆ, ನಮಗೆ ಹುಷಾರಿಲ್ಲದಾಗ ಯಾರನ್ನು ಕರೆಯಬೇಕು, ಅವರು ಒಪ್ಪಿದ್ದಾರೆಯೇ. ಬಂದ ಮೇಲೆ ಏನು ಮಾಡುತ್ತೀ. ಈ ಪ್ರಶ್ನೆಗಳಿಗೆ ನೇರ ಉತ್ತರ ಬರೆದ ಮಗನಿಗೆ, ಮಗಳಿಗೆ ಹರಸಿ ವಿಭೂತಿ ಹಚ್ಚಿ ಕಳಿಸಿಕೊಡಿರಿ. ಉತ್ತರ ಇನ್ನೂ ಪೂರ್ತಿಯಾಗದಿದ್ದರೆ ಮುಂದಿನ ವರ್ಷ ನೋಡೋಣ ಎನ್ನಿರಿ. ಸೇವೆಗೆ ಕಾಯುವ ಜನ ಮುಂದಿನ ವರ್ಷವೂ ಇರುತ್ತಾರೆ. ಅಷ್ಟರಲ್ಲಿ ಊರಿನ ಆಸ್ಪತ್ರೆಗೆ, ಶಾಲೆಗೆ ಒಂದು ಒಳ್ಳೆಯ ಕೈ ಸಿಕ್ಕಂತಾಗುತ್ತದೆ.